ಎಲ್ಲರ ಎರಡನೇ ಆಯ್ಕೆ

ಅವರ ಶಿವಗಣಾರಾಧನೆಯ ದಿನ ಊಟದ ಪಂಕ್ತಿಯಲ್ಲಿ ನನ್ನ ಎಡಕ್ಕೆ ಕೂತವರು ‘ಅಜಾತಶತ್ರು’ ಅಂದರು. ಬಲಕ್ಕೆ ಕೂತವರೂ ಅದನ್ನೇ ಅಂದರು. ಎದುರು ಸಾಲಿನಲ್ಲಿ ಯಾರೋ ಹೋಳಿಗೆ ಮುರಿಯುತ್ತಾ, “ಒಬ್ಬ ವೈರಿ ಅಂತ ಇರ್ಲಿಲ್ಲ ಕಣ್ರೀ ಆ ಮನುಷ್ಯನಿಗೆ” ಎಂದು ಇಡೀ ಪಂಕ್ತಿಗೆ ಕೇಳುವಂತೆ ಹೇಳಿದರು. ನನಗೆ ರೇಗಿತು. ವೈರಿ ಇಲ್ಲದ್ದೇ ಅವರ ತೊಂದರೆಯಾಗಿತ್ತು. ಅದನ್ನು ಅವರು ಬದುಕಿದ್ದಾಗ ಅವರಿಗೇ ಎಷ್ಟು ಸಲ ಹೇಳಿದ್ದೆನೋ. ಹೇಳಿದಾಗಲೆಲ್ಲ ಎರಡೂ ಅಂಗೈಗಳನ್ನು ತಕ್ಕಡಿಯ ತಟ್ಟೆಗಳ ಹಾಗೆ ಮುಂದೆ ಹಿಡಿದು, ಒಂದನ್ನು ತುಸು ಇಳಿಸಿ, ಇನ್ನೊಂದನ್ನು ತುಸು ಏರಿಸಿ, ಮತ್ತೆ ಎರಡನ್ನೂ ಸಮಕ್ಕೆ ತಂದು, “ಅದೂ ಒಂದು ಮಾತೇ ಮೇಷ್ಟ್ರೇ” ಅನ್ನುತ್ತಿದ್ದರು. ಅಲ್ಲಿಗೆ ನನ್ನ ಮಾತು ಮುಗಿಯುತ್ತಿತ್ತು. ಒಪ್ಪಿಕೊಂಡವರ ಜೊತೆ ಜಗಳ ಆಡುವುದು ಹೇಗೆ?

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಜಯನಗರದ ಹಳಬರು ಯಾರಾದರೂ ಬಂದು “ನೀವು ಬರೆದಿರೋದ್ರಲ್ಲಿ ಅರ್ಧ ಸುಳ್ಳು” ಅನ್ನುತ್ತಾರೆ. ಯಾವ ಅರ್ಧ ಎಂದು ನನಗೇ ಗೊತ್ತಿಲ್ಲ. ಎಂ.ಎ. ಓದುವಾಗ ನಮ್ಮ ಪ್ರೊಫೆಸರು ಆಧಾರವಿಲ್ಲದ್ದನ್ನು ನಂಬಬೇಡಿ ಎಂದು ಕಲಿಸಿದ್ದರು. ಆ ಪಾಠವನ್ನು ಬೇರೆಯವರ ಮೇಲೆ ಧಾರಾಳವಾಗಿ ಬಳಸಿದ್ದೇನೆ. ಈಚೆಗೆ ನನ್ನ ನೆನಪಿನ ಮೇಲೂ ಬಳಸಬೇಕಾಗಿ ಬಂದಿದೆ. ಅವರನ್ನು ನೆನೆದ ಕೂಡಲೇ ಅವರು ಕೊಡೆ ಹಿಡಿದು ರಸ್ತೆಯ ನಟ್ಟನಡುವೆ ನಡೆದು ಬರುವುದು ಕಣ್ಣಿಗೆ ಕಟ್ಟುತ್ತದೆ. ಎಲ್ಲದರಲ್ಲೂ ಮಧ್ಯಮ ಮಾರ್ಗ ಹಿಡಿದ ಮನುಷ್ಯ ರಸ್ತೆಯಲ್ಲೂ ಮಧ್ಯದಲ್ಲೇ ನಡೆಯುತ್ತಿದ್ದ ಎಂದರೆ ತೀರಾ ಹೊಂದಿಕೊಂಡು ಬರುತ್ತದೆ. ಹೀಗೆ ಹೊಂದಿಕೊಂಡು ಬರುವ ನೆನಪುಗಳ ಮೇಲೆ ನನಗೆ ಗುಮಾನಿ. ಆದರೆ ಅರವತ್ತರ ದಶಕದ ಮೂರನೇ ಬ್ಲಾಕಿನಲ್ಲಿ ನಡುರಸ್ತೆಯಲ್ಲಿ ನಡೆದರೆ ಕೇಳುವವರು ಯಾರಿದ್ದರು? ಅಪರೂಪಕ್ಕೊಂದು ಬಸ್ಸು, ಒಂದಿಷ್ಟು ಸೈಕಲ್ಲು, ಸಾರಕ್ಕಿ ಕಡೆಯಿಂದ ತರಕಾರಿ ತರುವ ಎತ್ತಿನ ಗಾಡಿ. ಇದ್ದರೂ ಇರಬಹುದು.

ನಾನಾಗ ಹೊಸದಾಗಿ ಕಾಲೇಜಿಗೆ ಸೇರಿ ಅರ್ಥಶಾಸ್ತ್ರ ಪಾಠ ಮಾಡುತ್ತಿದ್ದೆ. ಅವರ ಮನೆಯ ಹಿಂದಿನ ಔಟ್‌ಹೌಸಿನಲ್ಲಿ ಬಾಡಿಗೆಗಿದ್ದೆ. ಅವರು ವಕೀಲಿ ಬಿಟ್ಟು ಮನೆಯಲ್ಲೇ ಇದ್ದರು. ಬಿಳಿ ಪಂಚೆ, ಕುತ್ತಿಗೆಯವರೆಗೂ ಗುಂಡಿ ಹಾಕಿದ ಕೋಟು, ಹಣೆಯ ಮೇಲೆ ತೆಳ್ಳಗೆ ವಿಭೂತಿ. ಐವತ್ತರ ದಶಕದಲ್ಲಿ ತಮ್ಮ ಊರಿನ ಕಡೆಯಿಂದ ಒಂದು ಅವಧಿಗೆ ಪಕ್ಷೇತರರಾಗಿ ಶಾಸನಸಭೆಗೆ ಆಯ್ಕೆಯಾಗಿದ್ದರು. ಅದೂ ಹೇಗೆ? ಅಲ್ಲಿನ ಇಬ್ಬರು ಬಲಿಷ್ಠರು ಜಗಳವಾಡಿ, ಅವನಿಗೆ ಸಿಗದಿದ್ದರೆ ಸಾಕೆಂದು ಇವನು, ಇವನಿಗೆ ಸಿಗದಿದ್ದರೆ ಸಾಕೆಂದು ಅವನು ಹಿಂದೆ ಸರಿದಾಗ ಇವರು ಉಳಿದಿದ್ದರು. ಬೇಕೆಂದು ಆರಿಸಿದವರು ಯಾರೂ ಇರಲಿಲ್ಲ. ಬೇಡವೆಂದವರೂ ಇರಲಿಲ್ಲ.

ಸಭೆಯಲ್ಲಿ ಅವರು ಮಾಡಿದ ಒಂದು ಭಾಷಣದ ಕಥೆಯನ್ನು ಅವರೇ ಹೆಮ್ಮೆಯಿಂದ ಹೇಳುತ್ತಿದ್ದರು. ಕನ್ನಡದ ಸೀಮೆಗಳೆಲ್ಲ ಒಂದು ರಾಜ್ಯವಾಗಬೇಕೋ ಬೇಡವೋ ಎಂದು ಚರ್ಚೆ ಕಾವೇರಿದ್ದ ಕಾಲ. ಇವರು ಎದ್ದು ಭಾಷಣದ ಮೊದಲರ್ಧದಲ್ಲಿ ಒಂದಾಗುವುದರ ಲಾಭ ಹೇಳಿದರು. ಒಂದು ಕಡೆಯವರು ಮೇಜು ಕುಟ್ಟಿದರು. ಉಳಿದರ್ಧದಲ್ಲಿ ನಷ್ಟ ಹೇಳಿದರು. ಇನ್ನೊಂದು ಕಡೆಯವರು ಕುಟ್ಟಿದರು. “ಎರಡೂ ಕಡೆ ಮೇಜು ಕುಟ್ಟಿಸ್ಕೊಂಡೋನು ಇಡೀ ಸಭೇಲಿ ನಾನೊಬ್ನೇ ಮೇಷ್ಟ್ರೇ” ಅನ್ನುತ್ತಿದ್ದರು. ಅವರ ಹೆಂಡತಿ ಗೌರಮ್ಮನವರು ಒಳಗಿನಿಂದ, “ಮಾರನೇ ದಿನ ಎರಡು ಕಡೆಯೋರೂ ಮಾತು ಬಿಟ್ಟಿದ್ದನ್ನೂ ಹೇಳ್ರೀ” ಎಂದು ಸೇರಿಸುತ್ತಿದ್ದರು.

ಮುಂದಿನ ಚುನಾವಣೆಯಲ್ಲಿ ಸೋತರು. ಎದುರು ನಿಂತವರು ಅದೇ ತಾಲ್ಲೂಕಿನ ಒಬ್ಬ ಗೌಡರು, ಆಗಿನ್ನೂ ಯುವಕರು. ಇವರದೇ ಪ್ರಚಾರ ಸಭೆಯಲ್ಲಿ ರೈತನೊಬ್ಬ ಎದ್ದು ನಿಂತು “ಗೌಡ್ರು ಹೆಂಗೆ ಸಾಮಿ?” ಅಂತ ಕೇಳಿದನಂತೆ. ಇವರು ಕೈತಕ್ಕಡಿ ಎತ್ತಿ, “ಅವರೂ ಒಳ್ಳೆಯವರೇ. ನನಗಿಂತ ಓಡಾಡೋ ಶಕ್ತಿ ಜಾಸ್ತಿ” ಅಂದರಂತೆ. ಗೌಡರ ಕಡೆಯವರು ಮಾರನೇ ದಿನದಿಂದ ಊರೂರಲ್ಲೂ ಇಷ್ಟನ್ನೇ ಡಂಗುರ ಹೊಡೆಸಿದರು: ವಕೀಲರೇ ಹೇಳವ್ರೆ, ಗೌಡ್ರು ಒಳ್ಳೆಯವರು. ಗೆದ್ದ ಮೇಲೆ ಗೌಡರು ಸೀದಾ ಇವರ ಮನೆಗೆ ಬಂದು ಕಾಲಿಗೆ ಬಿದ್ದರು. ಅಂದಿನಿಂದ ಬೆಂಗಳೂರಿಗೆ ಬಂದಾಗಲೆಲ್ಲ ಜಯನಗರಕ್ಕೆ ಬಂದು, “ಸಾ, ನಿಮ್ಮಿಂದ ಗೆದ್ದೋನು ನಾನು” ಎಂದು ಮುಂಬಾಗಿಲಲ್ಲೇ ಶುರು ಮಾಡುತ್ತಿದ್ದರು. ಇವರು ಅದನ್ನು ಹೊಗಳಿಕೆ ಎಂದೇ ತೆಗೆದುಕೊಳ್ಳುತ್ತಿದ್ದರು. ನನಗಂತೂ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತಿತ್ತು.

ಭಟ್ಟರ ಹೋಟೆಲಿನಲ್ಲಿ ಅವರು ಒಂದು ಪೂರ್ತಿ ಕಾಫಿ ಕುಡಿದಿದ್ದನ್ನು ನಾನು ಕಂಡಿಲ್ಲ. ಯಾವಾಗಲೂ ಬೈಟು, ಅದೂ ತಮ್ಮ ಜೊತೆ ವಾದಕ್ಕೆ ನಿಂತವನ ಜೊತೆಗೇ. ಎರಡು ಲೋಟ ಬಂದ ಕೂಡಲೇ ಎರಡನ್ನೂ ಕಣ್ಣಿನ ಮಟ್ಟಕ್ಕೆತ್ತಿ ಅಳೆದು, ಒಂದು ಕೂದಲೆಳೆ ಹೆಚ್ಚಿರುವುದನ್ನು ಎದುರಿನವನ ಕಡೆ ತಳ್ಳುತ್ತಿದ್ದರು. ಅಷ್ಟು ಹೊತ್ತಿಗೆ ಆ ಮನುಷ್ಯನಿಗೆ ವಾದ ಯಾವುದರ ಬಗ್ಗೆ ಎಂಬುದೇ ಮರೆತಿರುತ್ತಿತ್ತು.

ಸಾರಕ್ಕಿಯ ಮುನಿಯಪ್ಪನ ಹಸುಗಳ ನ್ಯಾಯವೂ ಆ ಹೋಟೆಲಿನಲ್ಲೇ ಆಯಿತು. ಮುನಿಯಪ್ಪನ ಹೊಲ ಬಡಾವಣೆಗೆ ಹೋಗಿತ್ತು. ಬಂದ ಪರಿಹಾರದಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದ. ಹಸುಗಳನ್ನು ಮಾತ್ರ ಬಿಟ್ಟಿರಲಿಲ್ಲ. ಅವು ಹಳೇ ರೂಢಿಯಂತೆ ಕೆರೆಗೆ ಹೋಗುವ ದಾರಿಯಲ್ಲಿ ನಮ್ಮ ಹೊಸ ಪಾರ್ಕಿಗೆ ನುಗ್ಗುತ್ತಿದ್ದವು. ಪಾರ್ಕಿನ ಸುತ್ತಲಿನವರು ಹಸುಗಳನ್ನು ದೊಡ್ಡಿಗೆ ಹಾಕಿಸುತ್ತೇವೆ ಎಂದರು. ಮುನಿಯಪ್ಪ “ನಮ್ಮಪ್ಪನ ಕಾಲದ ದಾರಿ” ಎಂದು ಕೋಲು ನೆಲಕ್ಕೆ ಕುಟ್ಟಿದ. ಇವರು ಎರಡೂ ಕಡೆಯವರನ್ನು ಕೂರಿಸಿ, ಬೈಟು ತರಿಸಿ, ತೀರ್ಪು ಕೊಟ್ಟರು: ಹಸುಗಳು ಪಾರ್ಕಿನಲ್ಲಿ ಹಾದು ಹೋಗಬಹುದು, ಮೇಯಬಾರದು.

ಮುನಿಯಪ್ಪ ಕೋಲು ಪಕ್ಕಕ್ಕಿಟ್ಟು, “ಅದ್ಸರಿ ಸಾಮಿ, ಹಸೂಗೆ ಯಾರು ಹೇಳ್ತಾರೆ?” ಅಂದ.

“ನೀನು ಹೇಳ್ಬೇಕಪ್ಪ.”

“ನಾನು ಹೇಳಿದ್ದನ್ನ ನನ್ನ ಹೆಂಡ್ರೇ ಕೇಳಾಕಿಲ್ಲ.”

ಎಲ್ಲರೂ ನಕ್ಕರು. ಹಸುಗಳು ಹಾದು ಹೋದವು, ಮೇಯ್ದವು. ಯಾರೂ ದೊಡ್ಡಿಗೆ ಹಾಕಲಿಲ್ಲ. ಇದನ್ನು ಅವರ ಗೆಲುವು ಎನ್ನಬೇಕೋ, ಪಾರ್ಕಿನ ಸೋಲು ಎನ್ನಬೇಕೋ ನನಗೆ ಇಂದಿಗೂ ತಿಳಿದಿಲ್ಲ.

ಇಂಥ ಮನುಷ್ಯ ಒಂದು ಬೆಳಿಗ್ಗೆ ಔಟ್‌ಹೌಸಿನ ಬಾಗಿಲಿಗೆ ಬಂದು, ನಾನು ಇನ್ನೂ ಹಲ್ಲುಜ್ಜುತ್ತಿರುವಾಗ, “ಮೇಷ್ಟ್ರೇ, ನಾನು ರಾಷ್ಟ್ರಪತಿ ಚುನಾವಣೆಗೆ ನಿಲ್ತಿದೀನಿ. ಪಕ್ಷೇತರ” ಅಂದರು.

ಓದುಗರು ನಗಬಾರದು. ಆಗಿನ ಕಾಯಿದೆಯಲ್ಲಿ ಆ ಸ್ಥಾನಕ್ಕೆ ನಿಲ್ಲುವುದು ಪಂಚಾಯಿತಿಗೆ ನಿಲ್ಲುವುದಕ್ಕಿಂತ ಸುಲಭವಾಗಿತ್ತು. ಓಟಿನ ಹಕ್ಕಿರುವ ಶಾಸಕರಲ್ಲೋ ಸಂಸದರಲ್ಲೋ ಒಬ್ಬ ಸೂಚಕ, ಒಬ್ಬ ಅನುಮೋದಕ ನಾಮಪತ್ರಕ್ಕೆ ಸಹಿ ಹಾಕಿದರೆ ಸಾಕು. ಎರಡೇ ಸಹಿ. ಅದರಲ್ಲಿ ಒಂದನ್ನು ಗೌಡರು ಹಾಕಲು ಆಗಲೇ ಒಪ್ಪಿದ್ದರು. ಗೌಡರದು ಆಳುವ ಪಕ್ಷ. ಪಕ್ಷದ ಅಭ್ಯರ್ಥಿ ಬೇರೆ ಇದ್ದರು. ಆದರೂ “ಪಕ್ಸದೋರು ಬೈತಾರೆ, ಬೈಯ್ಲಿ ಬಿಡಿ. ನಿಮ್ ಋಣ ತೀರ್ಸೋದು ಬ್ಯಾಡ್ವಾ?” ಅಂದಿದ್ದರಂತೆ.

“ಗೆಲ್ಲೋದು ಹೇಗೆ ಸಾರ್?” ಎಂದೆ.

“ಎರಡನೇ ಪ್ರಾಶಸ್ತ್ಯದಲ್ಲಿ.”

ಆ ಚುನಾವಣೆಯಲ್ಲಿ ಓಟು ಹಾಕುವವರು ಒಬ್ಬರ ಮುಂದೆ ಒಂದು, ಇನ್ನೊಬ್ಬರ ಮುಂದೆ ಎರಡು ಎಂದು ಇಷ್ಟದ ಕ್ರಮದಲ್ಲಿ ಅಂಕಿ ಬರೆಯಬೇಕು. ಅವರ ಲೆಕ್ಕ ಹೀಗಿತ್ತು. ಆಳುವ ಪಕ್ಷದವರು ತಮ್ಮವರಿಗೆ ಒಂದು ಹಾಕುತ್ತಾರೆ, ವಿರೋಧ ಪಕ್ಷದವರು ತಮ್ಮವರಿಗೆ ಒಂದು ಹಾಕುತ್ತಾರೆ. ಆದರೆ ಇವರು ಅವರಿಗೆ, ಅವರು ಇವರಿಗೆ ಸತ್ತರೂ ಎರಡು ಹಾಕುವುದಿಲ್ಲ. ಆ ಎರಡು ಎಲ್ಲಿಗೆ ಹೋಗಬೇಕು? ಯಾರ ಮೇಲೂ ಯಾರಿಗೂ ಸಿಟ್ಟಿಲ್ಲದ, ಎಡಕ್ಕೂ ಬಲಕ್ಕೂ ವಾಲದ, ನಡುವಿನ ಒಬ್ಬ ಮನುಷ್ಯನಿಗೆ. ದೇಶದ ಎಲ್ಲ ‘ಎರಡು’ಗಳೂ ಸೇರಿದರೆ ಎಷ್ಟಾಯಿತು?

ಈ ಲೆಕ್ಕದಲ್ಲಿ ಒಂದು ತೂತಿತ್ತು. ಅದನ್ನು ತೋರಿಸುವುದು ನನ್ನ ಕರ್ತವ್ಯ ಎಂದುಕೊಂಡೆ. ಮೊದಲ ಎಣಿಕೆಯಲ್ಲಿ ಯಾರಿಗೂ ಬಹುಮತ ಬರದಿದ್ದರೆ, ಎಲ್ಲರಿಗಿಂತ ಕಡಿಮೆ ‘ಒಂದು’ ಬಿದ್ದವನನ್ನು ಮೊದಲು ಹೊರಗೆ ಹಾಕುತ್ತಾರೆ. ‘ಒಂದು’ಗಳೇ ಬೀಳದವನು ‘ಎರಡು’ಗಳನ್ನು ಎಣಿಸುವವರೆಗೆ ಉಳಿಯುವುದೇ ಇಲ್ಲ. ಭಟ್ಟರ ಹೋಟೆಲಿನಲ್ಲಿ ಕೂತು ಇದನ್ನು ತಿಂಡಿಯ ಲೆಕ್ಕದಲ್ಲಿ ಬಿಡಿಸಿದೆ. “ನೋಡಿ ಸಾರ್, ಎಲ್ರೂ ಬಂದು ಮಸಾಲೆ ದೋಸೆ ಕೇಳ್ತಾರೆ, ಇಲ್ಲ ಅಂದ್ರೆ ಇಡ್ಲಿ ಕೇಳ್ತಾರೆ. ಮೊದಲು ಯಾರೂ ಕೇಳದೇ ಇರೋ ತಿಂಡೀನ ಭಟ್ರು ಮಾರನೇ ದಿನದಿಂದ ಮಾಡೋದೇ ನಿಲ್ಲಿಸ್ತಾರೆ.”

ಗಲ್ಲಾದ ಹಿಂದಿನಿಂದ ಭಟ್ಟರು ತಲೆ ಎತ್ತಿದರು. “ಎಂತ ಮಾತು ಮಾರಾಯ್ರೇ! ಉಪ್ಪಿಟ್ಟು ಮಾಡ್ತೇನಲ್ಲ ದಿನಾ? ಉಪ್ಪಿಟ್ಟು ಬೇಕು ಅಂತ ಈ ಹೋಟ್ಲಿಗೆ ಇವತ್ತಿನವರೆಗೆ ಒಬ್ಬ ಬಂದದ್ದಿಲ್ಲ. ಉಳಿದದ್ದೆಲ್ಲ ಖಾಲಿಯಾದ ಮೇಲೆ ಅದೇ ಅಲ್ವಾ ಹೋಗುವುದು?”

ವಕೀಲರು ನನ್ನ ಕಡೆ ತಿರುಗಿದ ಬಗೆಯನ್ನು ಹೇಗೆ ವರ್ಣಿಸಲಿ. ಗೆದ್ದ ಜಂಬ ಕೂಡ ಇರಲಿಲ್ಲ. ಪಾಠ ಅರ್ಥವಾಗದ ಹುಡುಗನನ್ನು ನೋಡುವ ಕನಿಕರ. “ಆದ್ರೂ ನೀವು ಹೇಳಿದ್ದೂ ಒಂದು ಮಾತೇ” ಅಂದರು, ನನಗೆ ಬೇಜಾರಾಗದಿರಲೆಂದು.

ಅಂದು ಸಂಜೆ ಹಿತ್ತಲಿನ ಬಾವಿಯ ಹತ್ತಿರ ಗೌರಮ್ಮನವರು ನನ್ನನ್ನು ತಡೆದರು. “ಹೇಗಾದ್ರೂ ಮಾಡಿ ಬಿಡಿಸೀಪ್ಪ ಇವ್ರ ಈ ಹುಚ್ಚನ್ನ. ಪೇಪರ್‌ನಲ್ಲಿ ಹೆಸರು ಹಾಕಿ ಪಕ್ಕದಲ್ಲಿ ಸೊನ್ನೆ ಹಾಕ್ತಾರೆ. ಬೀದೀಲಿ ತಲೆ ಎತ್ಕೊಂಡು ಓಡಾಡೋದು ಹೇಗೆ?”

“ಅವರಿಗೆ ಪ್ರೆಸಿಡೆಂಟ್ ಆಗೋ ಆಸೆ ಅಷ್ಟೊಂದಿದೆಯಾ ಅಮ್ಮ?”

“ಎಂಥ ಪ್ರೆಸಿಡೆಂಟು! ಇವ್ರಿಗೆ ಬಂಗ್ಲೆ ಬೇಡ, ಕುದುರೆ ಗಾಡಿ ಬೇಡ. ನಮ್ಮ ಮದುವೆಗೂ ಮೊದಲು ಇವರಣ್ಣನ ಜಾತಕ ಬಂದಿತ್ತು, ಅದು ಕೂಡ್ಲಿಲ್ಲ ಅಂತ ಇವ್ರದ್ದು ನೋಡಿದ್ರು. ಇವ್ರಿಗದು ಗೊತ್ತು. ಯಾರಾದ್ರೂ ಒಬ್ರು, ಒಂದೇ ಒಂದು ಸಲ, ಇವ್ರನ್ನ ಮೊದ್ಲು ಕೇಳ್ಕೊಂಡು ಬರ್ಬೇಕು. ಅಷ್ಟೇ ಇರೋದು.”

ಅವರು ಹೀಗೇ ಹೇಳಿದರೋ, ಆಮೇಲೆ ನಡೆದದ್ದನ್ನೆಲ್ಲ ನೋಡಿ ನಾನೇ ಅವರ ಬಾಯಲ್ಲಿ ಈ ಮಾತು ಇಟ್ಟೆನೋ, ಪ್ರಮಾಣ ಮಾಡಿ ಹೇಳಲಾರೆ. ಜಾತಕದ ವಿಷಯ ಮಾತ್ರ ನಿಜ.

ಅವರ ಹುಚ್ಚು ಬಿಡಿಸಲು ನಾನು ಹೂಡಿದ ಉಪಾಯ ಒಂದು ಅಣಕು ಚುನಾವಣೆ. ಹೋಟೆಲಿನ ಪಕ್ಕದ ವಾಚನಾಲಯದಲ್ಲಿ ಒಂದು ಭಾನುವಾರ ಎಲ್ಲರನ್ನೂ ಸೇರಿಸಿದೆ. ಚೀಟಿಗಳ ಮೇಲೆ ಮೂರು ಹೆಸರು: ಆಳುವ ಪಕ್ಷದವರದು, ವಿರೋಧ ಪಕ್ಷದವರದು, ಇವರದು. ಬಿಸ್ಕತ್ತಿನ ಡಬ್ಬವೇ ಮತಪೆಟ್ಟಿಗೆ. ಪಿಂಚಣಿದಾರರು, ಅವರ ಹೆಂಡಂದಿರು, ಭಟ್ಟರು, ಮುನಿಯಪ್ಪ, ಗೌರಮ್ಮನವರು, ಕೊನೆಗೆ ಅಭ್ಯರ್ಥಿಯೂ ಸೇರಿದಂತೆ ಎಲ್ಲರೂ ಗಂಭೀರವಾಗಿ ಓಟು ಹಾಕಿದರು. ನಾನೇ ಎಣಿಸಿದೆ. ಎಣಿಸಿ ಮುಗಿಸಿದಾಗ, ಹೇಳದೆ ಇರುವುದೇ ಒಳ್ಳೆಯದೇನೋ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಇಷ್ಟೆಲ್ಲ ಮಾಡಿದ್ದೇ ಹೇಳುವುದಕ್ಕೆ.

“ಸಾರ್, ನಿಮಗೆ ಮೊದಲನೇ ಓಟು ಒಂದೂ ಬಿದ್ದಿಲ್ಲ.”

“ಎರಡನೇದು?”

“ಎಲ್ಲಾ ನಿಮಗೇ.”

“ಎಲ್ಲಾನೂ?” ಮುಖ ಅರಳಿತು. “ಒಬ್ರೂ ಬಿಡದೆ?”

ನನಗೆ ವಿಷಯ ಹೊಳೆದದ್ದು ಆಗ. “ಸಾರ್, ನೀವೂ ಓಟು ಹಾಕಿದ್ರಲ್ಲ?”

“ಹಾಕ್ದೆ.”

“ಮತ್ತೆ ನಿಮ್ಮ ಓಟಾದ್ರೂ ಎಲ್ಲಿ ಹೋಯ್ತು?”

“ನನಗೆ ನಾನೇ ಹಾಕ್ಕೊಳ್ಳೋದಾ?” ನಾನು ಅಸಭ್ಯವಾದ ಏನನ್ನೋ ಕೇಳಿದೆನೆಂಬಂತೆ ಅವರು ಸುತ್ತಲೂ ನೋಡಿದರು. “ಪಂಕ್ತೀಲಿ ಕೂತೋರು ಯಾರಾದ್ರೂ ತಮ್ಮೆಲೆಗೆ ತಾವೇ ಬಡಿಸ್ಕೋತಾರೇನ್ರೀ?”

“ಎರಡನೇದು ಹಾಕ್ಕೊಂಡಿದೀರಲ್ಲ!”

“ಎಲ್ರಿಗೂ ಒಂದು ಸುತ್ತು ಬಡಿಸಿ ಆದ್ಮೇಲೆ ಕೇಳಿ ಹಾಕಿಸ್ಕೊಂಡ್ರೆ ತಪ್ಪಿಲ್ಲ.”

ವಾಚನಾಲಯದಲ್ಲಿದ್ದವರೆಲ್ಲ ಹೌದೆಂದು ತಲೆಯಾಡಿಸಿದರು. ನಾನು ಗೌರಮ್ಮನವರ ಕಡೆ ತಿರುಗಿದೆ. ಅವರು ಸೆರಗು ಸರಿಮಾಡಿಕೊಂಡು, “ಹಾಕೋಣ ಅಂತಲೇ ಪೆನ್ಸಿಲ್ ತಗೊಂಡೆ. ಮನೆಯೋರಿಗೆ ಮನೆಯೋರೇ ತುಪ್ಪ ಜಾಸ್ತಿ ಹಾಕಿದ್ರೆ ಪಕ್ಕದೆಲೆಯೋರು ಏನಂದ್ಕೋತಾರೆ ಅಂತ ಬಿಟ್ಟೆ” ಅಂದರು. ಮುನಿಯಪ್ಪ ಎದ್ದು ನಿಂತು ಕೈ ಮುಗಿದ. “ಸಾಮಿ, ಲಾಯರ್ ಸಾಮಿಗೆ ಹೆಂಗೂ ಎಲ್ರೂ ಹಾಕ್ತಾರೆ, ನಂದೊಂದು ಬೇರೆಯೋರ್ಗೆ ಇರ್ಲಿ ಅಂತ ಹಾಕ್ಬುಟ್ಟೆ.” ಭಟ್ಟರೂ ಹಾಗೇ ಅಂದುಕೊಂಡಿದ್ದರಂತೆ. ವಿಚಾರಿಸುತ್ತಾ ಹೋದರೆ ಮುಕ್ಕಾಲು ಪಾಲು ಜನ ಹಾಗೇ ಅಂದುಕೊಂಡಿದ್ದರು. ನಾನು ಯಾರಿಗೆ ಹಾಕಿದ್ದೆ ಎಂಬುದು ನೆನಪಿಲ್ಲ. ಅವರಿಗೆ ಬಿದ್ದದ್ದು ಸೊನ್ನೆಯಾದ್ದರಿಂದ ಅವರಿಗಂತೂ ಹಾಕಿರಲಿಲ್ಲ. ಈ ತೀರ್ಮಾನಕ್ಕೆ ಬರಲು ನೆನಪಿನ ಅಗತ್ಯವಿಲ್ಲ.

ಇಷ್ಟಾದ ಮೇಲಾದರೂ ಅವರು ಪಾಠ ಕಲಿಯುತ್ತಾರೆಂದು ಕಾದೆ. ಅವರು ಎಲ್ಲರಿಗೂ ಕಾಫಿ ಹೇಳಿ, ಬೈಟು ಲೆಕ್ಕದಲ್ಲೇ, ನನ್ನ ಬೆನ್ನು ತಟ್ಟಿದರು. “ಒಳ್ಳೇ ಕೆಲಸ ಮಾಡಿದ್ರಿ ಮೇಷ್ಟ್ರೇ. ಇಷ್ಟು ಜನದಲ್ಲಿ ಬೇಡ ಅಂದೋರು ಒಬ್ರೂ ಇಲ್ಲ. ಧೈರ್ಯ ಬಂತು.” ಮಾರನೇ ದಿನವೇ, ನಾಮಪತ್ರ ಕೊಟ್ಟು ಬರಲು ದೆಹಲಿಗೆ ರೈಲಿನ ಟಿಕೆಟ್ ತೆಗೆದರು.

ಉಳಿದದ್ದು ಎರಡನೆಯ ಸಹಿ. ಗೌಡರು ತಮ್ಮ ಪಕ್ಷದ ಯಾರನ್ನಾದರೂ ಎಳೆದು ತರಬಲ್ಲವರಾಗಿದ್ದರು. ಇವರು ಬೇಡವೆಂದರು. ಸೂಚಕ ಆಳುವ ಪಕ್ಷದವನಾದರೆ ಅನುಮೋದಕ ವಿರೋಧ ಪಕ್ಷದವನಾಗಿರಬೇಕು. ಆಗಲೇ ಪಕ್ಷೇತರ ಎಂಬುದಕ್ಕೆ ಅರ್ಥ. ಇದಕ್ಕೆ ಅವರು ಹುಡುಕಿ ತೆಗೆದದ್ದು ಗೌಡರ ಪಕ್ಕದ ಕ್ಷೇತ್ರದ ವಿರೋಧ ಪಕ್ಷದ ಶಾಸಕರನ್ನು. ದೊಡ್ಡ ಮೀಸೆಯ ಮನುಷ್ಯ. ಒಂದು ಕೆರೆಯ ಕೋಡಿ ನೀರಿನ ವಿಷಯಕ್ಕೆ ಅವರೂ ಗೌಡರೂ ವರ್ಷಗಳಿಂದ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಇಬ್ಬರನ್ನೂ ಒಂದೇ ಹೊತ್ತಿಗೆ ಮನೆಗೆ ಕರೆದರು. ಅದೂ ಸಂಜೆಯ ರೈಲಿಗೆ ಹೊರಡಬೇಕಾದ ದಿನ. ಇನ್ನೊಂದು ದಿನ ತಡವಾದರೆ ನಾಮಪತ್ರ ಕೊಡುವ ಗಡುವು ಮುಗಿಯುತ್ತಿತ್ತು.

ಹಜಾರದಲ್ಲಿ ಹೋಲ್ಡಾಲ್ ಕಟ್ಟಿ ಇಟ್ಟಿತ್ತು. ಗೌರಮ್ಮನವರು ಬುತ್ತಿ ಕಟ್ಟುತ್ತಿದ್ದರು. ಬೇಡಬೇಡವೆಂದವರು ಚಟ್ನಿಪುಡಿಗೆ ಎಣ್ಣೆ ಬೆರೆಸಿ ಡಬ್ಬಿಗೆ ತುಂಬುತ್ತಿದ್ದರು. ಗೌಡರು ಸೂಚಕರ ಜಾಗದಲ್ಲಿ ಸಹಿ ಹಾಕಿ ಪೆನ್ನನ್ನು ಮೇಜಿನ ಮೇಲಿಟ್ಟರು. ಮೀಸೆಯವರು ಪೆನ್ನು ಕೈಗೆತ್ತಿಕೊಂಡು, ನಾಮಪತ್ರ ನೋಡಿ, ಪೆನ್ನು ವಾಪಸ್ಸು ಇಟ್ಟರು.

“ಸಾ, ನೀವು ಕೇಳಿದ್ರೆ ತಲೆ ಕೊಡ್ತೀನಿ. ಆದ್ರೆ ಈವಯ್ಯನ ಹೆಸ್ರಿನ ಕೆಳಗೆ ನನ್ನ ಹೆಸ್ರಾ? ನಮ್ಮೂರಲ್ಲಿ ಮೊಕ ಎತ್ಕಂಡು ತಿರುಗೋದು ಬ್ಯಾಡ್ವಾ ನಾನು?”

“ಯಾಕೆ, ನನ್ ಹೆಸ್ರಿಗೆ ಏನಾಗದೆ?” ಗೌಡರು ಕೇಳಿದರು.

“ಏನೂ ಆಗಿಲ್ಲ. ಕೋಡಿ ನೀರು ಕುಡ್ದು ದಪ್ಪ ಆಗದೆ.”

ಅವರು ಇಬ್ಬರ ನಡುವೆ ಕೂತು ಅಂಗೈ ಚಾಚಿದರು. “ಅದೂ ಒಂದು ಮಾತೇ. ಗೌಡ್ರೇ, ನೀವೇ ಅನುಮೋದಕ ಆಗಬಹುದಲ್ಲ?”

“ನಾನು ಇವನ ಕೆಳಗಾ? ಸಾ, ಬೇಕಾದ್ರೆ ರಾಜೀನಾಮೆ ಕೊಡ್ತೀನಿ.”

ನನಗೆ ಬುದ್ಧಿವಂತಿಕೆ ತೋರಿಸುವ ಚಪಲ. ಒಬ್ಬ ಅಭ್ಯರ್ಥಿ ಎರಡು ನಾಮಪತ್ರ ಕೊಡಬಹುದು. ಒಂದರಲ್ಲಿ ಗೌಡರು ಮೇಲೆ, ಇನ್ನೊಂದರಲ್ಲಿ ಮೀಸೆಯವರು ಮೇಲೆ ಎಂದೆ. ಇಬ್ಬರೂ ಮೆಚ್ಚಿ ತಲೆಯಾಡಿಸಿದರು. ಆಮೇಲೆ ಮೀಸೆಯವರು ನಿಧಾನವಾಗಿ, “ಅಂದ್ರೆ ಇನ್ನೊಂದ್ರಲ್ಲಿ ನಾನು ಕೆಳಗೇ ಅಲ್ವಾ ಮೇಷ್ಟ್ರೇ?” ಅಂದರು. ಗೌಡರೂ ಅಷ್ಟೊತ್ತಿಗೆ ಅಲ್ಲಿಗೇ ಬಂದಿದ್ದರು. ಒಂದು ಜಗಳವಿದ್ದದ್ದು ನನ್ನಿಂದ ಎರಡಾಯಿತು. ಮೀಸೆಯವರು ಕಾಫಿ ಕುಡಿದು, ವಕೀಲರ ಕಾಲು ಮುಟ್ಟಿ ನಮಸ್ಕರಿಸಿ, ಹೊರಟುಹೋದರು.

ಗಡಿಯಾರ ನೋಡಿ ಗೌಡರು ಎದ್ದರು. “ಬಿಡಿ ಸಾ. ಜೀಪದೆ. ನಮ್ಮ ಕಡೇ ಒಬ್ಬ ಶಾಸಕ ಇಲ್ಲೇ ಬಸವನಗುಡೀಲವ್ನೆ. ಹೋಗಿ ಕರ್ಕಂಡ್ ಬತ್ತೀನಿ, ಕಣ್ಮುಚ್ಕಂಡು ಸೈನ್ ಹಾಕ್ತಾನೆ. ನಿಮಗೆ ರೈಲು ಸಿಕ್ತದೆ.”

ಗೌರಮ್ಮನವರು ಒಳಬಾಗಿಲಲ್ಲಿ ನಿಂತಿದ್ದರು, ಬುತ್ತಿಯ ಗಂಟು ಕೈಯಲ್ಲಿ. ಇಷ್ಟು ದಿನ ನಿಲ್ಲಬೇಡಿ ಎಂದು ಕಾಡಿದವರು ಆ ಹೊತ್ತಿನಲ್ಲಿ ಗೌಡರಿಗೆ “ಬೇಗ ಹೋಗ್ಬನ್ನಿ” ಎಂಬಂತೆ ಕೈ ಮಾಡಿದರು. ನಾನೂ ಅಷ್ಟೇ. ಇದೆಲ್ಲ ಮೂರ್ಖತನವೆಂದು ಸಾಧಿಸಿದವನು, “ಒಪ್ಕೊಳ್ಳಿ ಸಾರ್, ಟೈಮಿಲ್ಲ” ಅಂದೆ.

ಅವರು ಅಂಗೈ ಚಾಚಲಿಲ್ಲ. ಅದನ್ನು ನಾನು ಗಮನಿಸಿದ್ದೇನೆ, ಅಥವಾ ಗಮನಿಸಿದ್ದೇನೆ ಎಂದು ನಂಬಿದ್ದೇನೆ. ಕೈ ಎರಡೂ ಮಂಡಿಯ ಮೇಲಿದ್ದವು. “ಬೇಡ ಗೌಡ್ರೇ. ಎರಡೂ ನಿಮ್ಮ ಕಡೆಯವೇ ಆದ್ರೆ ನಾನು ನಿಮ್ಮ ಮನುಷ್ಯ ಆಗ್ತೀನಿ. ಹಾಗೆ ಹೋಗೋದಾದ್ರೆ ನಾನ್ಯಾಕೆ ಹೋಗ್ಲಿ?”

ಇಡೀ ದೇಶ ತಮಗೆ ಎರಡನೇ ಓಟು ಹಾಕುತ್ತದೆಂದು ನಂಬಿದವರಿಗೆ ಎರಡನೇ ಸಹಿ ಸಿಗಲಿಲ್ಲ. ಜೀವಮಾನದಲ್ಲಿ ಯಾವುದಕ್ಕೂ ಹಟ ಹಿಡಿಯದ ಮನುಷ್ಯ, ಹಿಡಿಯಬಾರದಿದ್ದ ಒಂದು ಕಡೆ ಹಟ ಹಿಡಿದು ಕೂತರು. ರೈಲಿನ ಹೊತ್ತು ಮೀರಿತು. ಗೌರಮ್ಮನವರು ಹೋಲ್ಡಾಲಿನ ಪಟ್ಟಿ ಬಿಚ್ಚಿ ಹಾಸಿಗೆ ಒಳಗೆ ತೆಗೆದುಕೊಂಡು ಹೋದರು. ಆ ರಾತ್ರಿ ನಾವೆಲ್ಲ ಸೇರಿ ದೆಹಲಿಯ ಬುತ್ತಿಯನ್ನು ಜಯನಗರದಲ್ಲೇ ಉಂಡೆವು. ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಎರಡು ಸಲ ಮೊಸರನ್ನ ಹಾಕಿಸಿಕೊಂಡೆ.

ಚುನಾವಣೆಯ ದಿನ ಶಾಸಕರೆಲ್ಲ ವಿಧಾನಸೌಧದಲ್ಲಿ ಓಟು ಹಾಕಿದರು. ಅಂದು ಸಂಜೆ ಗೌಡರ ಜೀಪು ಮನೆಯ ಮುಂದೆ ನಿಂತಿತು. ವಕೀಲರು ಗೇಟಿನ ಹತ್ತಿರ ಕನಕಾಂಬರದ ಗಿಡಕ್ಕೆ ನೀರು ಹಾಕುತ್ತಿದ್ದರು. ನಾನೂ ಅಲ್ಲೇ ನಿಂತಿದ್ದೆ. ಈ ಭಾಗವನ್ನು ಗೌರಮ್ಮನವರ ಬಾಯಲ್ಲಿ ಎಷ್ಟೋ ಸಲ ಕೇಳಿ ಕೇಳಿ ನನ್ನನ್ನು ನಾನೇ ಅಲ್ಲಿ ತಂದು ನಿಲ್ಲಿಸಿಕೊಂಡಿರಲೂಬಹುದು. ಗೌಡರು ಜೀಪಿನಿಂದ ಇಳಿಯುತ್ತಲೇ ಧ್ವನಿ ತಗ್ಗಿಸಿ ಅಂದರು:

“ಸಾ, ಓಟಿನ ಚೀಟೀಲಿ ನಿಮ್ ಹೆಸ್ರು ಇರ್ಲಿಲ್ಲ. ನೋಡ್ದೆ. ಮನಸ್ಸು ತಡೀಲಿಲ್ಲ. ಕೆಳಗಡೆ ನಾನೇ ನಿಮ್ ಹೆಸ್ರು ಬರ್ದು ಒಂದು ಅಂತ ಹಾಕ್ಬುಟ್ಟೆ. ಬೇರೆ ಯಾರ್ಗೂ ಹಾಕ್ಲಿಲ್ಲ.”

ನೀರಿನ ತಂಬಿಗೆ ನೆಲಕ್ಕೆ ಬಿತ್ತು. ಅವರು ಬೈಯಲು ಶುರು ಮಾಡಿದರು. ಅವರು ಬೈದದ್ದನ್ನು ಅಲ್ಲಿಯವರೆಗೆ ಆ ಬೀದಿಯಲ್ಲಿ ಯಾರೂ ಕೇಳಿರಲಿಲ್ಲ. ಎದುರು ಮನೆಯವರು ಹೊರಗೆ ಬಂದರು. “ತಲೆ ಇದೆಯೇನ್ರೀ ನಿಮಗೆ? ಆ ಓಟು ಅಸಿಂಧು ಆಯ್ತಲ್ರೀ! ನಿಮ್ಮ ತಾಲ್ಲೂಕಿನ ಅಷ್ಟೂ ಜನರ ಓಟು ಹಾಳು ಮಾಡಿದ್ರಲ್ರೀ! ಹಾಕಿದ ಓಟನ್ನ ಹೊರಗೆ ಬಂದು ಹೇಳ್ತಾರೇನ್ರೀ ಯಾರಾದ್ರೂ? ನಿಮ್ಮಂಥೋರನ್ನ ಒಳ್ಳೆಯೋರು ಅಂತ ಹೇಳಿ ಗೆಲ್ಲಿಸಿದ್ನಲ್ಲ, ನನಗೆ ಬುದ್ಧಿ ಇಲ್ಲ!” ಒಂದು ಕಡೆಯ ಮಾತೇ ಎಲ್ಲಾ. ‘ಅದೂ ಒಂದು ಮಾತೇ’ ಎಂಬುದು ಎಲ್ಲೂ ಬರಲಿಲ್ಲ. ಗೌಡರು ತಲೆ ತಗ್ಗಿಸಿ, ಮೇಷ್ಟರ ಮುಂದೆ ನಿಂತ ಹುಡುಗನ ಹಾಗೆ ಅಷ್ಟನ್ನೂ ಕೇಳಿಸಿಕೊಂಡರು. ಕೊನೆಗೆ “ತಪ್ಪಾಯ್ತು ಸಾ” ಎಂದು ಜೀಪಿನ ಕಡೆ ತಿರುಗಿದರು.

ಗೌಡರು ಹೇಳಿದ್ದು ನಿಜವೇ? ರಾಜಕಾರಣಿ, ಮುದುಕರ ಮನಸ್ಸಿಗೆ ಹಿತವಾಗಲೆಂದು ಹೊಸೆದು ಹೇಳಿರಬಹುದು. ಆ ಸಲ ಇಲ್ಲಿಂದ ಹೋದ ಓಟುಗಳಲ್ಲಿ ಅಸಿಂಧುವಾದದ್ದು ಇತ್ತೇ ಎಂದು ಹುಡುಕಿದರೆ ಗೊತ್ತಾಗುತ್ತದೆ. ಪ್ರತಿಯೊಂದಕ್ಕೂ ಆಧಾರ ಕೇಳುವ ನಾನು ಇದನ್ನು ಮಾತ್ರ ಈವರೆಗೆ ಹುಡುಕಿಲ್ಲ.

ಗೌಡರು ಜೀಪು ಹತ್ತಿ ಕೂತಿದ್ದರು. ಬಿದ್ದ ತಂಬಿಗೆಯನ್ನು ಎತ್ತಿಕೊಂಡು ವಕೀಲರು ಗೇಟಿನ ಆಚೆಗೆ ನಡೆದು ಹೋಗಿ, ಜೀಪಿನ ಕಂಬಿ ಹಿಡಿದು ನಿಂತರು. ಎದುರು ಮನೆಯವರು ಒಳಗೆ ಹೋಗುವವರೆಗೂ ಕಾದರು.

“ಒಂದು ಅಂತ ಅಂಕೀಲಿ ಬರೆದ್ರೋ, ಅಕ್ಷರದಲ್ಲೋ?”

“ಅಂಕೀಲಿ ಸಾ.”

“ಹೂಂ,” ಅಂದರು. “ಅಂಕೀಲೇ ಬರೀಬೇಕು.”